ಆ ತುದಿ ಹಿಡಿಯುವವರು

ಭಾನುವಾರ, ಊಟವಾದ ಮೇಲೆ

ಗುಬ್ಬಿಯ ಅಪ್ಪನವರಿಗೆ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ನಾನು ಚೆನ್ನಾಗಿದ್ದೇನೆ, ಮಗಳು ಗುಬ್ಬಿ ಚೆನ್ನಾಗಿದ್ದಾಳೆ, ಹೊಲಿಗೆ ಯಂತ್ರವೂ ಚೆನ್ನಾಗಿದೆ. ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಫೋನಿನಲ್ಲಿ ನಮ್ಮ ಮಾತಿನ ಚಂದ ನಿಮಗೂ ಗೊತ್ತು. ನಾನು ಹೇಳಬೇಕಾದ್ದನ್ನು ಶುರು ಮಾಡುವಷ್ಟರಲ್ಲಿ ನೀವು ಹೂಂ, ಸರಿ, ಇಡ್ಲಾ ಅನ್ನುತ್ತೀರಿ. ನನಗೆ ಮೂಗಿನ ತುದಿಯಲ್ಲೇ ಕೋಪ, ಇಟ್ಟುಬಿಡುತ್ತೇನೆ. ಕಾಗದವಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಡಿಪೋದಲ್ಲಿ ಗ್ರೀಸ್ ಕೈಯಲ್ಲಿ ಓದಬೇಡಿ, ಮನೆಗೆ ಹೋಗಿ ಕೈ ತೊಳೆದುಕೊಂಡು ಪೂರ್ತಿ ಓದಿ.

ವಿಷಯ ನಿಮಗೆ ಗೊತ್ತಿರುವುದೇ. ಗುಬ್ಬಿಯ ಓದು ಮುಗಿದಿದೆ. ಕೆಲಸಕ್ಕೆ ಸೇರುವ ಮುಂಚೆ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಬೆಟ್ಟದ ದಾರಿಯಲ್ಲಿ ನಡೆಯಬೇಕು, ಮೂರು ರಾತ್ರಿ ಕೆರೆ ದಂಡೆಯಲ್ಲಿ ಟೆಂಟು ಹಾಕಿ ಮಲಗಬೇಕು ಎಂದು ಹಟ ಹಿಡಿದು ಕೂತಿದ್ದಾಳೆ. ಆ ಹಟ ಯಾರಿಂದ ಬಂತು ಎಂದು ನಾವಿಬ್ಬರೂ ಬಾಯಿ ಬಿಡುವ ಹಾಗಿಲ್ಲ. ಅವಳಿಗೆ ಅವಳದೇ ಪುಟ್ಟ ಟೆಂಟು ಇದೆ. ನಮ್ಮದು ಹೇಗೆ ಎಂದು ಕೇಳಿದರೆ, ಅದನ್ನು ನೀವಿಬ್ಬರೇ ಮಾತಾಡಿಕೊಳ್ಳಿ, ನನ್ನನ್ನು ನಡುವೆ ಎಳೀಬೇಡಿ ಅಂದಳು. ಆಮೇಲೆ ನಿಮ್ಮ ಸಂದೇಶ ಬಂತು. ನನಗೊಂದು, ನಿನಗೊಂದು, ಎರಡು ಒಂಟಿ ಟೆಂಟು ನೋಡು, ನಿನಗೆ ಮುಜುಗರ ಆಗೋದು ಬೇಡ ಎಂದು ಬರೆದಿದ್ದಿರಿ. ಒಳ್ಳೆಯ ಮನಸ್ಸಿನಿಂದಲೇ ಬರೆದಿರಿ, ಗೊತ್ತು. ನೀವು ಬಡ್ತಿ ಸಿಕ್ಕಿತೆಂದು ಆ ಊರಿನ ಡಿಪೋಗೆ ಹೋದಿರಿ, ಆಗಷ್ಟೇ ತೆರೆದ ಪರದೆ ಹೊಲಿಯುವ ಅಂಗಡಿ ಬಿಟ್ಟು ಬರಲಾರೆನೆಂದು ನಾನು ಪಟ್ಟು ಹಿಡಿದೆ. ಇಬ್ಬರೂ ಬೇರೆ ಬೇರೆ ಬೀಗದ ಕೈ ಇಟ್ಟುಕೊಂಡು ಇಷ್ಟು ವರ್ಷವಾದ ಮೇಲೆ ಒಂದೇ ಟೆಂಟಿನಲ್ಲಿ ಮಲಗುವುದೆಂದರೆ ಯಾರಿಗಾದರೂ ಯೋಚನೆಯೇ. ಆ ಯೋಚನೆಯನ್ನು ತಲೆಯಲ್ಲಿಟ್ಟುಕೊಂಡೇ ಈ ವಾರವೆಲ್ಲ ಅಂಗಡಿ ಅಂಗಡಿ ಸುತ್ತಿದೆ. ಅದರ ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ಹೋದದ್ದು ಮಾಲಿನೊಳಗಿನ ದೊಡ್ಡ ಅಂಗಡಿಗೆ. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿ ಅದರ ಮೇಲೆ ಟೆಂಟು ನಿಲ್ಲಿಸಿದ್ದಾರೆ. ಮುಂದೊಂದು ಸುಳ್ಳು ಬೆಂಕಿ, ಕೆಂಪು ಬಲ್ಬಿನ ಮೇಲೆ ಕಾಗದ ಕುಣಿಯುವಂತೆ ಫ್ಯಾನು ಬೇರೆ ಇಟ್ಟಿದ್ದಾರೆ. ಮಾರಾಟದ ಹುಡುಗಿ ಬಹಳ ಒಳ್ಳೆಯವಳು, ಆದರೆ ನಾನು ಕೆರೆ ದಂಡೆ ಅಂದರೆ ಅವಳಿಗೆ ಹಿಮದ ಶಿಖರ ಅಂತ ಕೇಳಿಸಿತೋ ಏನೋ, ಒಂದು ಸ್ಲೀಪಿಂಗ್ ಬ್ಯಾಗಿನೊಳಗೆ ನನ್ನನ್ನು ಇಳಿಸಿ ಕತ್ತಿನವರೆಗೆ ಜಿಪ್ ಎಳೆದುಬಿಟ್ಟಳು. ಬೆವರು ಕಿತ್ತುಕೊಂಡು ಬಂತು. ಇದರಲ್ಲಿ ಮಲಗಿದರೆ ಬೆಳಗ್ಗೆ ಬೆಂದ ನನ್ನನ್ನು ತಟ್ಟೆಗೆ ಬಡಿಸಬಹುದು, ತೆಳ್ಳಗಿರೋದು ಕೊಡಮ್ಮ ಅಂದೆ. ಪಾಪ, ನಕ್ಕು ಬೇರೆ ತಂದಳು. ಅದು ಚೆನ್ನಾಗಿತ್ತು, ತೆಗೆದುಕೊಂಡೆ. ನಿಮಗೂ ಅಂಥದೇ ಒಂದು. ಅಭ್ಯಾಸಬಲದಿಂದ ನಾನು ಟೆಂಟೊಂದನ್ನು ಒಳಹೊರಗು ಮಾಡಿ ಹೊಲಿಗೆ ನೋಡುತ್ತಿದ್ದರೆ ಕಾವಲಿನವನು ಬಂದು ಪಕ್ಕದಲ್ಲಿ ನಿಂತ. ಹೊಲಿಗೆಯ ಮೇಲೆ ನೀರು ಇಳಿಯದಂತೆ ಪಟ್ಟಿ ಅಂಟಿಸಿದ್ದಾರೆ, ಎಷ್ಟು ನೀಟಾಗಿ ಎಂದರೆ ನನಗೆ ಹೊಟ್ಟೆಕಿಚ್ಚೇ ಆಯಿತು. ಒಂಟಿ ಟೆಂಟು ಮಾತ್ರ ಅವರಲ್ಲಿ ಖಾಲಿಯಾಗಿದೆಯಂತೆ, ಮತ್ತೆ ಬರಲು ತಡವಂತೆ.

ಬೂಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಕಾಲಿಗೆ ನಾನು ಇಲ್ಲಿ ಕೊಳ್ಳಲು ಆಗುವುದಿಲ್ಲ, ನೀವೇ ನಿಮ್ಮೂರಲ್ಲಿ ನೋಡಿ. ಸಂಜೆ ಹೊತ್ತು ಹೋಗಬೇಕಂತೆ, ದಿನವೆಲ್ಲ ನಿಂತ ಕಾಲು ಅಷ್ಟರಲ್ಲಿ ಸ್ವಲ್ಪ ಊದಿರುತ್ತದೆ, ನಡೆಯುವಾಗಲೂ ಹಾಗೇ ಊದುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಕೊಂಡಮೇಲೆ ಪೆಟ್ಟಿಗೆಯಲ್ಲಿ ಮುಚ್ಚಿಡದೆ ದಿನಾ ಮನೆಯೊಳಗೇ ಹಾಕಿಕೊಂಡು ಓಡಾಡಿ. ಡಿಪೋ ಬೂಟಿನಲ್ಲೇ ಬರುತ್ತೇನೆ ಎಂದು ಮಾತ್ರ ಅನ್ನಬೇಡಿ ದಮ್ಮಯ್ಯ.

ಮಾರನೆಯ ದಿನ ಸ್ಟೇಷನ್ ಹಿಂದಿನ ಹಳೇ ಸಾಮಾನಿನ ಬೀದಿಗೆ ಹೋದೆ. ಅಂಗಡಿಯಿಂದ ನೇರ ಹೊರಟವಳು ಕತ್ತಿನಲ್ಲಿದ್ದ ಅಳತೆ ಟೇಪು ತೆಗೆಯುವುದನ್ನು ಮರೆತಿದ್ದೆ. ಬೀದಿ ತುಂಬ ಎಲ್ಲರೂ ನನಗೆ ದಾರಿ ಬಿಡುವುದೇನು, ಬನ್ನಿ ಮೇಡಂ ಕೂತ್ಕೊಳ್ಳಿ ಮೇಡಂ ಅನ್ನುವುದೇನು. ಯಾವುದೋ ಕಚೇರಿಯಿಂದ ತಪಾಸಣೆಗೆ ಬಂದವಳು ಅಂದುಕೊಂಡಿದ್ದಾರೆ. ನಾನೂ ಸುಮ್ಮನಿದ್ದೆ, ಸಿಕ್ಕ ಮರ್ಯಾದೆಯನ್ನು ಯಾಕೆ ಬೇಡ ಅನ್ನಲಿ? ಅಲ್ಲಿ ಸೈನಿಕರ ಹಳೇ ಸಾಮಾನು, ಬೆಟ್ಟ ಹತ್ತುವವರು ಬಳಸಿ ಬಿಟ್ಟದ್ದು, ಎಲ್ಲ ರಾಶಿ ರಾಶಿ. ಒಂದರೊಳಗೊಂದು ಕೂರುವ ಪಾತ್ರೆಗಳು ಸಿಕ್ಕವು, ಪುಟ್ಟದೊಂದು ಗ್ಯಾಸ್ ಒಲೆ ಸಿಕ್ಕಿತು, ಅಲ್ಲೇ ಹೊತ್ತಿಸಿ ನೋಡಿಕೊಂಡೇ ತಂದೆ.

ನನಗೊಂದು ನಿಮಗೊಂದು ಬೆನ್ನಿನ ಬ್ಯಾಗೂ ಅಲ್ಲೇ ಕೊಂಡದ್ದು. ಬ್ಯಾಗನ್ನು ಆಳಿನ ಎತ್ತರ ನೋಡಿ ಕೊಡುವುದಲ್ಲವಂತೆ, ಕತ್ತಿನ ಬುಡದ ಮೂಳೆಯಿಂದ ಸೊಂಟದ ಮೂಳೆಯವರೆಗೆ ಬೆನ್ನಿನ ಉದ್ದ ನೋಡಬೇಕು. ಭಾರ ಹೆಗಲ ಮೇಲಲ್ಲ, ಸೊಂಟದ ಮೇಲೆ ಕೂರಬೇಕು. ನನ್ನ ಬೆನ್ನನ್ನು ನಾನೇ ಅಳೆದುಕೊಳ್ಳಲು ಆಗದೆ ಅಂಗಡಿಯವನ ಹೆಂಡತಿ ಟೇಪು ಹಿಡಿದಳು. ಇನ್ನೊಂದು ಬ್ಯಾಗು ಯಾರಿಗೆ, ಅವರ ಅಳತೆ ಎಷ್ಟು ಎಂದು ಕೇಳಿದಳು. ಬಾಯಿಂದ ತಟ್ಟನೆ ಬಂದುಬಿಟ್ಟಿತು. ನಿಮ್ಮ ಅಂಗಿ ಹೊಲಿದು ಎಷ್ಟು ಕಾಲವಾಯಿತು, ನಾನು ನೆನಪಿಟ್ಟುಕೊಂಡಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಈ ನಡುವೆ ನೀವು ದಪ್ಪಗಾಗಿದ್ದರೆ ಸೊಂಟದ ಪಟ್ಟಿ ಸಡಿಲಿಸಬಹುದು, ಬೆನ್ನಿನ ಉದ್ದ ಎಲ್ಲಿಗೂ ಹೋಗಿರುವುದಿಲ್ಲ. ಒಂಟಿ ಟೆಂಟು ಅಲ್ಲೂ ಕೇಳಿದೆ. ಇದ್ದ ಒಂದೇ ಒಂದು ಬೂಸ್ಟು ಹಿಡಿದು ಹರಿದಿತ್ತು, ಒಳಗೆ ಬೆಕ್ಕೊಂದು ಮರಿ ಹಾಕಿಕೊಂಡು ಸುಖವಾಗಿತ್ತು. ಅದನ್ನು ಎಬ್ಬಿಸುವ ಮನಸ್ಸಾಗಲಿಲ್ಲ.

ಕೊನೆಗೆ, ನಮ್ಮ ಬೀದಿಯ ಸೈಕಲ್ ರಿಪೇರಿಯವನು ಹೇಳಿ ಕಳಿಸಿದ್ದು ಬೆಟ್ಟದಜ್ಜಿಯ ಅಂಗಡಿಗೆ. ಹೆಸರು ಬೇರೆ ಇರಬೇಕು, ಎಲ್ಲರೂ ಕರೆಯುವುದು ಹಾಗೆ. ಪ್ರಾಯದಲ್ಲಿ ಜನರನ್ನು ಬೆಟ್ಟಕ್ಕೆ ಕರೆದೊಯ್ಯುತ್ತಿದ್ದವರಂತೆ, ಈಗ ಮಂಡಿ ಕೈಕೊಟ್ಟಮೇಲೆ ಮನೆ ಮುಂದಿನ ಕೋಣೆಯಲ್ಲೇ ಟೆಂಟು, ಹಾಸಿಗೆ, ಹಗ್ಗ ಎಲ್ಲ ಬಾಡಿಗೆಗೂ ಕೊಡುತ್ತಾರೆ, ಮಾರುತ್ತಾರೆ. ಒಂಟಿ ಟೆಂಟು ಸದ್ಯಕ್ಕೆ ಅಲ್ಲೂ ಇಲ್ಲ. ಇಬ್ಬರು ಮಲಗುವಂಥದು ಒಂದಿದೆ, ಹಳೇ ಮಾದರಿಯದು, ಬಟ್ಟೆ ಗಟ್ಟಿ, ಹೊಲಿಗೆಯನ್ನು ನಾನೇ ಎಳೆದು ನೋಡಿದೆ. ಆದರೆ ಆ ಅಂಗಡಿಯಲ್ಲೊಂದು ಕಟ್ಟುನಿಟ್ಟು. ಕೊಳ್ಳುವವರು ಹಿತ್ತಲಿನ ಹುಲ್ಲಿನ ಮೇಲೆ ತಾವೇ ಟೆಂಟು ಹಾಕಿ ತೋರಿಸಬೇಕು. ಹಾಕಲಾಗದವರಿಗೆ ಎಷ್ಟು ಬೇಡಿಕೊಂಡರೂ ಅಜ್ಜಿ ಕೊಡುವುದಿಲ್ಲ.

ನಾನು ಹಾಕಲು ಹೋದ ಚಂದ ನೀವು ನೋಡಬೇಕಿತ್ತು. ಬಾಗುವ ಉದ್ದ ಕೋಲು, ಒಂದು ತುದಿಯನ್ನು ಬಟ್ಟೆಯ ಈ ಮೂಲೆಯ ತೂತಿಗೆ ಸಿಕ್ಕಿಸಿ ಆ ಬದಿಗೆ ಓಡಿದರೆ ಮೊದಲನೆಯದು ಪಟ್ಟನೆ ಕಳಚಿಕೊಳ್ಳುತ್ತದೆ. ಈ ಕಡೆ ಬಂದರೆ ಆ ಕಡೆಯದು. ಕೋಲು ಒಮ್ಮೆ ಚಿಮ್ಮಿ ಅಜ್ಜಿಯ ಒಣಗಿದ ಸೀರೆಯನ್ನು ತಂತಿಯಿಂದ ಎಳೆದುಕೊಂಡು ಬಂತು. ಇನ್ನೊಮ್ಮೆ ಬಟ್ಟೆಯೆಲ್ಲ ನನ್ನ ಮೇಲೆ ಬಿದ್ದು, ಒಳಗೆ ಬಾಗಿಲು ಹುಡುಕುತ್ತಾ ನಾನು ತೆವಳುತ್ತಿದ್ದರೆ, ಹೊರಗೆ ಯಾರೋ ಗಿರಾಕಿಗಳು ಬಿದ್ದು ಬಿದ್ದು ನಗುತ್ತಿದ್ದರು. ಕೊನೆಗೆ ನಾನೂ ಅಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಾಗೆ ನಕ್ಕು ಬಹಳ ಕಾಲವಾಗಿತ್ತು. ಅಜ್ಜಿ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದವರು ಅಲ್ಲಾಡಲಿಲ್ಲ. ಆ ತುದಿ ಒಂಚೂರು ಹಿಡಿದುಕೊಳ್ಳಿ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟು ಹೇಳಿದರು:

"ಒಳಗೆ ಮಲಗೋರೇ ಹಿಡೀಬೇಕಮ್ಮ. ಇಲ್ಲಿ ನಾನು ಹಿಡಿದುಕೊಟ್ರೆ, ಅಲ್ಲಿ ನಿನ್ನ ಜೊತೆ ಮಲಗೋಕೆ ಬರ್ತೀನಾ?"

ಟೆಂಟು ಹಾಕುವಾಗ ಜಗಳವಾಡದ ಜೋಡಿಯನ್ನು ಅವರು ಇದುವರೆಗೆ ನೋಡಿಲ್ಲವಂತೆ. ಬೆಟ್ಟದ ಮೇಲೆ, ಗಾಳಿಯಲ್ಲಿ, ಕತ್ತಲಾಗುವ ಹೊತ್ತಿಗೆ ಆಡುವ ಜಗಳವನ್ನು ನನ್ನ ಹಿತ್ತಲಲ್ಲೇ ಆಡಿ ಮುಗಿಸಿಕೊಂಡು ಹೋಗಲಿ ಅಂತ ಈ ಕಟ್ಟುನಿಟ್ಟು ಎಂದರು. ನಿನ್ನ ಜೊತೆ ಯಾರು ಎಂದು ಕೇಳಿದರು. ಮಗಳ ಅಪ್ಪ, ಬೇರೆ ಊರಲ್ಲಿದ್ದಾರೆ ಅಂದೆ. ಇನ್ನೇನೇನು ಕೇಳುತ್ತಾರೋ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವರು ಕೇಳಿದ್ದು ಒಂದೇ.

"ಆ ಊರಿಂದ ಬಸ್ ಇಲ್ವಾ?"

ಬಸ್ಸಿನ ಡಿಪೋದಲ್ಲೇ ಫೋರ್‌ಮನ್ ಅವರು ಎಂದು ಹೇಳಲು ನನಗೆ ನಾಚಿಕೆಯಾಯಿತು, ಆದರೂ ಹೇಳಿದೆ. ಅಜ್ಜಿ ಟೆಂಟನ್ನು ಮಡಿಸಿ, ನನ್ನ ಹೆಸರಿನಲ್ಲಿ ಒಂದು ಕಡೆ ತೆಗೆದಿಟ್ಟರು.

ಆದ್ದರಿಂದ ಕೇಳುತ್ತಿದ್ದೇನೆ, ಮುಂದಿನ ಭಾನುವಾರ ಬರುತ್ತೀರಾ? ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗಬಹುದು. ನೀವು ಏನು ಮಾಡುತ್ತೀರೆಂದು ನನಗೀಗಲೇ ಗೊತ್ತು. ಹೇಗೆ ಹಾಕಬೇಕೆಂದು ಬರೆದಿರುವ ಹಾಳೆಯನ್ನು ನೋಡದೆ ಪಕ್ಕಕ್ಕೆ ಎಸೆಯುತ್ತೀರಿ. ನಾನು ಅದನ್ನು ಎತ್ತಿಕೊಂಡು ಗಟ್ಟಿಯಾಗಿ ಓದುತ್ತೇನೆ. ನಿಮ್ಮ ಕಿವಿ ಕೆಂಪಗಾಗುತ್ತದೆ. ಆಗಲಿ, ಅಜ್ಜಿಗೆ ಇಂಥದ್ದೆಲ್ಲ ಅಭ್ಯಾಸವಿದೆ.

ಇದರಿಂದ ನೀವು ಏನೇನೋ ಲೆಕ್ಕ ಹಾಕಬೇಡಿ. ನಾನು ಅಂಗಡಿ ಮುಚ್ಚುವುದಿಲ್ಲ, ನೀವು ಡಿಪೋ ಬಿಡಿ ಎಂದು ಕೇಳುವುದೂ ಇಲ್ಲ. ನನಗೆ ಇಲ್ಲಿ ಸುಖವಾಗಿದೆ. ಬೆಳಗ್ಗೆ ಬಾಗಿಲು ತೆರೆದರೆ ಬಿಸಿಲು ನೇರ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೀಳುತ್ತದೆ, ಗಿರಾಕಿಗಳು ಬಂದು ಕೂತು ಹರಟುತ್ತಾರೆ, ನನಗೆ ಬೇಕಾದಾಗ ಊಟ, ಬೇಕಾದಾಗ ನಿದ್ದೆ. ನಿಮಗೂ ಅಲ್ಲಿ ಹಾಗೇ ಇರಬಹುದು. ನಾನು ಹೇಳುತ್ತಿರುವುದು ಬೆಟ್ಟದ ಮೇಲಿನ ಮೂರು ರಾತ್ರಿಯ ಮಾತು. ನಿಮ್ಮ ಗೊರಕೆಗೆ ಕೆರೆಯ ಕಪ್ಪೆಗಳು ಜೊತೆ ಕೊಡುತ್ತವೆ, ನಾನು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ. ಬರಲು ಆಗದಿದ್ದರೆ ಅದನ್ನೂ ಬರೆಯಿರಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಳ್ಳುತ್ತೇನೆ, ಆದರೆ ನಿಮಗೆ ಹೇಳುವುದಿಲ್ಲ.

ಆರೋಗ್ಯ ನೋಡಿಕೊಳ್ಳಿ. ಬೂಟು ಮರೆಯಬೇಡಿ.

ಪರದೆ ಅಂಗಡಿಯಿಂದ,
ಗುಬ್ಬಿಯ ಅಮ್ಮ

ತಾ.ಕ.: ಬೆಟ್ಟದಜ್ಜಿಯ ಅಂಗಡಿಯಲ್ಲಿ ಒಂಟಿ ಟೆಂಟು ಇಲ್ಲವೆಂದು ಬರೆದದ್ದು ಸುಳ್ಳು. ಬೇಕಾದಷ್ಟಿವೆ, ನೀವು ಬಂದರೆ ಬಾಗಿಲಲ್ಲೇ ಕಣ್ಣಿಗೆ ಬೀಳುತ್ತವೆ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ. ಮೊದಲು ಅದನ್ನೇ ತೆಗೆಸಿ ಹಿತ್ತಲಲ್ಲಿ ಹಾಕಿದೆ. ಯಾರ ಸಹಾಯವೂ ಬೇಕಾಗಲಿಲ್ಲ, ಅಜ್ಜಿ ಭೇಷ್ ಅಂದರು. ಒಳಗೆ ಹೋಗಿ ಮಲಗಿಯೂ ನೋಡಿದೆ, ಬಹಳ ಚೆನ್ನಾಗಿತ್ತು. ಎಷ್ಟು ಚೆನ್ನಾಗಿದೆ ನೋಡಿ ಎಂದು ನಿಮಗೆ ಹೇಳಲು ಪಕ್ಕಕ್ಕೆ ತಿರುಗಿದೆ, ಬಟ್ಟೆ ಮೂಗಿಗೆ ತಾಗಿತು. ಎದ್ದು ಬಂದು, ಬಿಚ್ಚಿ ಮಡಿಸಿ ವಾಪಸು ಕೊಟ್ಟು, ದೊಡ್ಡದು ತೋರಿಸಿ ಅಂದೆ.