ಮಾವನ ಮಾರ್ಚಿನ ಕೊನೆಯ ಪುಟ

ಪ್ರೀತಿಯ ಮಾವನಿಗೆ,

ನೀವು ಕಟ್ಟಿದ ಮಾರ್ಚ್ ಧಾಟಿಯನ್ನು ಇಲ್ಲಿನ ದೊಡ್ಡ ಬ್ಯಾಂಡಿನವರು ನುಡಿಸುತ್ತಾರಂತೆ! ನಾನು ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಚಾವಣಿ ಬಡಿದರು.

ಮದುವೆಯ ದಿನ ನೀವು ಕೊಟ್ಟ ಮಾರ್ಚಿನ ನೋಟ್‌ಪುಸ್ತಕವನ್ನು, ಅವರು ಓದಲೆಂದು, ಶಾಲೆಯಲ್ಲಿ ಕಲಿತ ಐದು ಗೆರೆಯ ಸಂಗೀತ ಲಿಪಿಗೆ ಇಳಿಸುತ್ತಿದ್ದೇನೆ. ತುತ್ತೂರಿಯ ಮೂರು ಗುಂಡಿಗೆ ಮೂರು ಸೊನ್ನೆ, ಒತ್ತಬೇಕಾದ ಗುಂಡಿಗೆ ಮಸಿ ತುಂಬಿದ ಸೊನ್ನೆ! ಈ ಉಪಾಯ ನಿಮಗೆ ಹೊಳೆದದ್ದು ಹೇಗೆ ಮಾವ? ಇವರನ್ನು ಕೇಳಿದರೆ, "ಅಪ್ಪನಿಗೆ ಯಾರೂ ಕಲಿಸಿಲ್ಲ ಕಣೇ, ತುತ್ತೂರಿನೇ ಗುರು" ಎಂದು ನಗುತ್ತಾರೆ.

ಆದರೆ ಒಂದೇ ಗುಂಡಿ ಒತ್ತಿದರೂ ತುಟಿ ಬಿಗಿದರೆ ಒಂದು ಸ್ವರ, ಸಡಿಲಿಸಿದರೆ ಇನ್ನೊಂದು. ಯಾವುದೆಂದು ನೀವು ಬರೆದೇ ಇಲ್ಲ! ಮೊದಲ ಪುಟಗಳನ್ನು ಇವರು ಸಿಳ್ಳೆ ಹಾಕಿ ತೋರಿಸಿದರು. ಕೊನೆಯ ಪುಟವನ್ನು ಇವರೂ ಕೇಳಿಲ್ಲವಂತೆ. ಅದನ್ನು ನೀವೇ ಊದಬೇಕು, ನಾನು ಬರೆದುಕೊಳ್ಳಬೇಕು.

ಅತ್ತೆಯೋ, "ನಿನ್ನ ಮಾವನ ಮುಂದಿನ ಹಲ್ಲೆರಡನ್ನೂ ಬರೋ ವಾರ ಕೀಳಿಸ್ತೀವಿ ಕಣಮ್ಮ, ಊದೋ ಕಾಟ ತಪ್ಪುತ್ತೆ" ಎಂದು ಬರೆದಿದ್ದಾರೆ. ಬೇಡ ಮಾವ! ಲವಂಗ ಕಚ್ಚಿಕೊಂಡಾದರೂ ನೋವು ತಡೆದುಕೊಳ್ಳಿ. ನಾನು ಬರುವವರೆಗೆ ಡಾಕ್ಟರ ಮುಂದೆ ಬಾಯಿ ತೆರೆಯಬೇಡಿ. ಈ ಭಾನುವಾರವೇ ಬೆಳಿಗ್ಗೆ ಏಳೂವರೆಯ ಪ್ಯಾಸೆಂಜರ್ ರೈಲಿಗೆ ಬಂದಿಳಿಯುತ್ತೇನೆ.

ನಿಮ್ಮ ಹೊಸ ಸೊಸೆ