ಬಗ್ಗಿ ನೋಡದ ಟೈರಿಗೆ ಪೂರ್ಣ ಅಂಕ

ಮಾನ್ಯ ಚಾಲನಾ ಪರೀಕ್ಷಾಧಿಕಾರಿಗಳೇ,

ನೀವು ನನಗೆ ಕೊಟ್ಟ ಅಂಕಗಳನ್ನು ವಾಪಸು ತೆಗೆದುಕೊಳ್ಳಿ ಎಂದು ಕೇಳಲು ಈ ಪತ್ರ. ಅಂಕ ಕಡಿಮೆ ಬಂತೆಂದು ಜಗಳಕ್ಕೆ ಬರುವವರನ್ನು ನೀವು ದಿನವೂ ನೋಡುತ್ತೀರಿ. ಹೆಚ್ಚು ಬಂತೆಂದು ಬಂದವಳು ಬಹುಶಃ ನಾನೊಬ್ಬಳೇ. ಹೋದ ವರ್ಷ ನಿಮ್ಮ ಮೈದಾನದಲ್ಲಿ, ಗಾಡಿ ಹತ್ತುವ ಮುಂಚೆ ಅದನ್ನು ಸುತ್ತಿ ತಪಾಸಣೆ ಮಾಡುವ ಭಾಗದಲ್ಲಿ, ನನಗೆ ಪೂರ್ಣ ಅಂಕ ಸಿಕ್ಕಿತು. ಟೈರಿನ ಬಗ್ಗೆ ಆಗ ನನಗೆ ಏನೇನೂ ಗೊತ್ತಿರಲಿಲ್ಲ. ಈಗ ಮೂರು ವಾರದಿಂದ ನನ್ನ ಅಕ್ಕನ ಬಲಗೈ ಪ್ಲಾಸ್ಟರಿನಲ್ಲಿದೆ. ಇವೆರಡಕ್ಕೂ ಏನು ಸಂಬಂಧ ಎಂಬುದನ್ನು ವಿವರಿಸುತ್ತೇನೆ. ಪತ್ರವನ್ನು ಕಡತಕ್ಕೆ ಸೇರಿಸುವ ಮೊದಲು ದಯವಿಟ್ಟು ಒಮ್ಮೆ ಓದಿ.

ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುವ ಮಕ್ಕಳ ಕಿವಿ ಹಿಂಡಿದವಳು. ಅಂಥವಳು ಐವತ್ತೆಂಟನೆಯ ವಯಸ್ಸಿನಲ್ಲಿ, ಗಂಡನ ಕಣ್ಣಿಗೆ ಪೊರೆ ಬಂದ ಮೇಲೆ, ಕಾರು ಕಲಿಯಲು ಹೊರಟೆ. ತರಬೇತಿ ಕೊಡುವ ಬಹಾರ್ ಮೇಷ್ಟ್ರು ಮೊದಲನೇ ದಿನವೇ ಒಂದು ಹಾಳೆ ಕೈಗಿತ್ತರು. ಬಾನೆಟ್ಟಿನೊಳಗೆ ತೋರಿಸಬೇಕಾದದ್ದಕ್ಕೆ ಒಂದೊಂದು ವಾಕ್ಯ, ಹೊರಗೆ ತೋರಿಸಬೇಕಾದದ್ದಕ್ಕೆ ಒಂದೊಂದು ವಾಕ್ಯ. ಟೈರಿನ ವಾಕ್ಯ ಇಂದಿಗೂ ನನಗೆ ಬಾಯಿಪಾಠ: ಗಾಳಿ ಸರಿಯಾಗಿದೆ, ಸವೆತವಿಲ್ಲ, ಬಿರುಕಿಲ್ಲ, ಮೊಳೆ ಚುಚ್ಚಿಲ್ಲ. ಅಭ್ಯಾಸದ ದಿನ ಮೊಳೆ ಇದೆಯೋ ಇಲ್ಲವೋ ನೋಡೋಣವೆಂದು ನಾನು ಬಗ್ಗಿದೆ. ಮೇಷ್ಟ್ರಿಗೆ ನಗು ಬಂತು.

“ಬಗ್ಗಬೇಡಿ ಟೀಚರ್, ಟೈಮ್ ಹೋಗುತ್ತೆ. ಕೈ ಚಾಚಿ ತೋರ್ಸಿ, ಗಟ್ಟಿಯಾಗಿ ಹೇಳಿ. ಮಾರ್ಕ್ಸ್ ಇರೋದು ಬಾಯಿಗೆ, ಟೈರಿಗಲ್ಲ.”

ಪರೀಕ್ಷೆಯ ದಿನ ನಿಮ್ಮ ಗಾಡಿಯ ಮುಂದಿನ ಎಡಟೈರು ತಳದಲ್ಲಿ ಉಬ್ಬಿ ನೆಲಕ್ಕೆ ಕುಳಿತಿತ್ತು. ನನಗೆ ಕಂಡಿತು. ಚಾಚಿದ ಕೈ ಹಾಗೇ ನಿಂತಿತು. ಹಾಳೆಯಿಂದ ಕಣ್ಣೆತ್ತದೆ ನಿಮ್ಮ ಪರೀಕ್ಷಕರು, “ಮುಂದಕ್ಕೆ ಹೇಳಿ ಅಮ್ಮಾ, ನಿಮ್ಮ ಹಿಂದೆ ಇನ್ನೂ ನಲವತ್ತು ಜನ ಇದ್ದಾರೆ,” ಎಂದರು. ನಾನು ಹೇಳಿದೆ. ತರಗತಿಯ ಕೊನೆಯ ಬೆಂಚಿಗೂ ಕೇಳುವಂಥ ದನಿಯಲ್ಲಿ, ಗಾಳಿ ಸರಿಯಾಗಿದೆ ಎಂದು ಹೇಳಿದೆ. ಅವರು ಗುರುತು ಹಾಕಿದರು. ಆ ಎಳೆಯ ಪರೀಕ್ಷಕರನ್ನು ನಾನು ದೂರುತ್ತಿಲ್ಲ. ಕಣ್ಣು ಕಂಡದ್ದನ್ನು ನುಂಗಿದ್ದು ನನ್ನದೇ ಬಾಯಿ. ಆದರೆ ನುಂಗಿದ್ದಕ್ಕೆ ಬಹುಮಾನ ಕೊಟ್ಟವರು ಯಾರು?

ಆಮೇಲೆ ಹೊಸ ಕಾರು ಬಂತು. ಮಾರಾಟದ ಹುಡುಗ ಎರಡು ಗಂಟೆ ನನ್ನ ಪಕ್ಕದಲ್ಲಿ ಕುಳಿತು ಅದರ ಗುಣಗಾನ ಮಾಡಿದ. ಕೈಯಲ್ಲಿ ಚೀಲಗಳಿದ್ದರೆ ಹಿಂದಿನ ಬಾಗಿಲ ಕೆಳಗೆ ಕಾಲು ಬೀಸಿದರೆ ಸಾಕು, ತೆರೆದುಕೊಳ್ಳುತ್ತದೆ. ಕಿಟಕಿ ಇಳಿಸು ಎಂದರೆ ಇಳಿಸುತ್ತದೆ. ಬಿಸಿಲಲ್ಲಿ ನಿಂತ ಕಾರನ್ನು ಮನೆಯೊಳಗಿಂದಲೇ ಫೋನಿನಲ್ಲಿ ತಂಪು ಮಾಡಬಹುದು. ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕೋ ಅದೇ ಲೆಕ್ಕ ಹಾಕುತ್ತದೆ, ಗೆರೆ ದಾಟಿದರೆ ಸ್ಟೇರಿಂಗನ್ನು ಮೆತ್ತಗೆ ಎಳೆದು ಸರಿದಾರಿಗೆ ತರುತ್ತದೆ. ನನ್ನ ಗಂಡ ಕೂಡ ನನ್ನನ್ನು ಅಷ್ಟು ನಾಜೂಕಾಗಿ ತಿದ್ದಿದ್ದಿಲ್ಲ. ಟೈರಿಗೆ ಸಿಕ್ಕಿದ್ದು ಅರ್ಧ ನಿಮಿಷ. ಈ ಹಳದಿ ದೀಪ ಬಂದರೆ ಈ ಬಟನ್ ಒತ್ತಿ ಹಿಡಿಯಿರಿ, ಹೋಗುತ್ತದೆ ಎಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಮಾತು ಆಗ ನನಗೆ ನೆನಪಾಗಲಿಲ್ಲ. ಬಟನ್ ಎಲ್ಲಿದೆ ಎಂದು ಮಾತ್ರ ಸರಿಯಾಗಿ ನೆನಪಿಟ್ಟುಕೊಂಡೆ.

ಹಳದಿ ದೀಪ ಉಪವಾಸದ ತಿಂಗಳಲ್ಲಿ ಮೊದಲ ಸಲ ಬಂತು. ಒತ್ತಿ ಹಿಡಿದೆ, ಹೋಯಿತು. ಹಬ್ಬ ಮುಗಿದ ಮೇಲೆ ಮತ್ತೆ ಬಂತು. ಒತ್ತಿದೆ, ಹೋಯಿತು. ಹಲಸಿನಂತೆ ಮುಳ್ಳು ತುಂಬಿದ, ಕಲ್ಲಿನಂತೆ ಭಾರವಾದ ಡುರಿಯನ್ ಹಣ್ಣಿನ ಕಾಲಕ್ಕೆ ಮೂರನೇ ಸಲ ಬಂದಾಗ ನಾನು ದೀಪಕ್ಕಿಂತ ಚುರುಕಾಗಿದ್ದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಪುಕ್ಕಟೆ, ಅದು ನನಗೂ ಗೊತ್ತು. ಆದರೆ ಆ ಯಂತ್ರದ ಮುಂದೆ ಗಂಡಸರ ಸಾಲಿನಲ್ಲಿ ನಿಂತು, ಎಷ್ಟು ಹಾಕಬೇಕು ಎಂದು ಯಾರನ್ನೋ ಕೇಳಬೇಕಲ್ಲ? ಪೂರ್ಣ ಅಂಕ ತೆಗೆದವಳು ಹಾಗೆ ಕೇಳಬಹುದೇ?

ಮೂರು ವಾರದ ಹಿಂದೆ ಒಂದು ಶನಿವಾರ ಮಧ್ಯಾಹ್ನ ರಾವುಬ್ ಊರಿನ ತೋಟಗಳ ಕಡೆಯಿಂದ ಡುರಿಯನ್ ತುಂಬಿಕೊಂಡು ಬರುತ್ತಿದ್ದೆವು. ಪಕ್ಕದಲ್ಲಿ ಗಂಡ. ಹಿಂದಿನ ಸೀಟಿನಲ್ಲಿ ನನ್ನ ಅಕ್ಕ ಕಲ್ಸೋಮ್, ಅವಳ ಪಕ್ಕದಲ್ಲಿ ಒಂದು ಬುಟ್ಟಿ ಹಣ್ಣು. ಡಿಕ್ಕಿಯಲ್ಲಿ ಇನ್ನೂ ಮೂರು ಬುಟ್ಟಿ. ರಸ್ತೆ ಕಾದು ಕೆಂಡವಾಗಿತ್ತು. ಕಾರು ತಾನೇ ಗೆರೆ ಹಿಡಿದು, ಮುಂದಿನ ಲಾರಿಯಿಂದ ತಾನೇ ದೂರ ಕಾದುಕೊಂಡು ಹೋಗುತ್ತಿತ್ತು. ನನ್ನ ಕೈ ಸ್ಟೇರಿಂಗಿನ ಮೇಲೆ ಹೆಸರಿಗೆ ಮಾತ್ರ ಇತ್ತು. ಒಂದು ತಿರುವಿನಲ್ಲಿ ಹಿಂದಿನ ಎಡಟೈರು ಸಿಡಿಯಿತು. ಕಾರಿನ ಬೆನ್ನು ಜಾರಿ ರಸ್ತೆಯಂಚಿನ ಕಬ್ಬಿಣದ ತಡೆಗೆ ಉಜ್ಜಿತು. ಪಕ್ಕದ ಬುಟ್ಟಿ ಮಗುಚಿ ಅಷ್ಟೂ ಹಣ್ಣು ಅಕ್ಕನ ಬಲಗೈ ಮೇಲೆ ಬಿತ್ತು. ಎಲ್ಲ ಮುಗಿದ ಮೇಲೆ ಕಾರು ನಾನಾ ಬಗೆಯ ಸದ್ದು ಮಾಡಿ ನನ್ನನ್ನು ಎಚ್ಚರಿಸಿತು.

ಟೈರು ಕಳಚಿದವನು ನಮ್ಮ ಊರಿನ ಕಿಯಾಂಗ್. ನಲವತ್ತು ವರ್ಷದಿಂದ ಅವನಿಗೆ ಟೈರೇ ಕಸುಬು. ಹರಿದ ಟೈರನ್ನು ಅಲುಗಾಡಿಸಿದಾಗ ಒಳಗಿಂದ ರಬ್ಬರಿನ ಕಪ್ಪು ಪುಡಿ ನೆಲಕ್ಕೆ ಸುರಿಯಿತು. ಗಾಳಿ ಕಡಿಮೆಯಾದ ಟೈರು ಭಾರಕ್ಕೆ ಮಡಚಿ, ಮಡಚಿದಷ್ಟೂ ಕಾದು, ತನ್ನ ಗೋಡೆಯನ್ನು ತಾನೇ ತೇಯ್ದುಕೊಂಡಿತ್ತಂತೆ. ಉಳಿದ ಮೂರನ್ನೂ ಅವನು ಅಳೆದ. ಗಾಳಿಯ ಒತ್ತಡ ಇನ್ನೂರ ಮೂವತ್ತು ಕಿಲೋಪಾಸ್ಕಲ್ ಇರಬೇಕಾದಲ್ಲಿ ಒಂದರಲ್ಲಿ ನೂರ ಅರವತ್ತಿತ್ತು. ಆ ಇನ್ನೂರ ಮೂವತ್ತು ಎಲ್ಲಿ ಬರೆದಿದೆ ಎಂದು ಕೇಳಿದೆ. ಚಾಲಕನ ಬಾಗಿಲು ತೆರೆದು ಅದರ ಚೌಕಟ್ಟಿನ ಕಂಬಕ್ಕೆ ಅಂಟಿಸಿದ ಚೀಟಿ ತೋರಿಸಿದ. ಇಬ್ಬರು ಕುಳಿತಾಗ ಎಷ್ಟು, ತುಂಬಿದ ಗಾಡಿಗೆ ಎಷ್ಟು, ಎರಡೂ ಅಲ್ಲೇ ಇತ್ತು. ದಿನಕ್ಕೆ ನಾಲ್ಕು ಸಲ ಅದರ ಪಕ್ಕದಲ್ಲೇ ಹತ್ತಿ ಇಳಿದವಳು ನಾನು. ಕೊನೆಗೆ ಬಟನ್ನಿನ ವಿಷಯ ಹೇಳಿದೆ. ಅವನು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

“ಅದು ದೀಪ ಆರಿಸೋ ಬಟನ್ ಅಲ್ಲ ಟೀಚರ್. ಗಾಳಿ ತುಂಬ್ಸಿ, ಅಳೆದು, ಆಮೇಲೆ ಒತ್ತಬೇಕು. ‘ಇದೇ ಸರಿ, ನೆನಪಿಟ್ಕೋ’ ಅಂತ ಗಾಡಿಗೆ ಹೇಳೋದು ಅದು. ನೀವು ಕಮ್ಮಿ ಗಾಳಿಗೇ ಸರಿ ಅಂತ ಪಾಠ ಹೇಳ್ಕೊಟ್ಟಿದ್ದೀರಿ. ಅದು ಪಾಪ, ಟೀಚರ್ ಹೇಳಿದ್ರಲ್ಲಾ ಅಂತ ನಂಬ್ಕೊಂಡಿದೆ.”

ನೀವು ನನಗೆ ಕಲಿಸಿದ್ದನ್ನೇ ನಾನು ಕಾರಿಗೆ ಕಲಿಸಿದ್ದೆ, ಸ್ವಾಮಿ. ನಾವಿಬ್ಬರೂ ಪಾಸಾಗಿದ್ದೆವು.

ಅಕ್ಕ ಬೆಳಗಿನ ಸಂತೆಯಲ್ಲಿ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ತಿಂಡಿ ಮಾರುತ್ತಾಳೆ. ಎಲೆ ಮಡಚುವುದು, ಕಡ್ಡಿ ಚುಚ್ಚುವುದು, ಎಲ್ಲ ಬಲಗೈಯ ಕೆಲಸ. ಮಣಿಕಟ್ಟು ಮೊದಲಿನಂತೆ ತಿರುಗುವುದು ಅನುಮಾನ ಎಂದಿದ್ದಾರೆ ಡಾಕ್ಟರು. ಅವಳು ನನ್ನನ್ನು ಬೈದಿದ್ದರೆ ನನಗೆ ಊಟ ಸೇರುತ್ತಿತ್ತು. ಅವಳು ಸಮಾಧಾನ ಮಾಡಿದಳು. “ನೀನೇನು ಬೇಕಂತ ಮಾಡಿದ್ಯಾ ಮೈಮೂನ್? ನಿಂಗೇನು ಗಾಡಿ ಗೊತ್ತಿಲ್ವಾ? ಪರೀಕ್ಷೇಲಿ ಪೂರ್ತಿ ಮಾರ್ಕ್ಸ್ ಕೊಟ್ಟಿದ್ರಲ್ಲ.” ಅಕ್ಕನ ಮನಸ್ಸಿನಲ್ಲಿ ಕಪಟವಿಲ್ಲ, ಅದಕ್ಕೇ ಆ ಮಾತು ಇನ್ನೂ ಚುಚ್ಚುತ್ತಿದೆ.

ಅಂದಿನಿಂದ ನಾನು ಒಂದು ಕಡೆ ಕೂರಲಾರೆ. ಟೈರಿನ ಗಾಳಿ ನೋಡುವ ಅಳತೆಯ ಕಡ್ಡಿ ಕೈಚೀಲದಲ್ಲೇ ಇರುತ್ತದೆ. ಹೋದ ಶುಕ್ರವಾರ ಮಸೀದಿಯ ಹೊರಗೆ ನಿಂತಿದ್ದ ಹದಿನೇಳು ಕಾರುಗಳ ಟೈರು ಅಳೆದೆ. ಒಂಬತ್ತರಲ್ಲಿ ಗಾಳಿ ಕಡಿಮೆ ಇತ್ತು. ಟೀಚರಿಗೆ ತಲೆ ಕೆಟ್ಟಿದೆ ಎಂದು ಜನ ನಗುತ್ತಿದ್ದಾರೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವಳು ಎಂದು ನನಗೂ ಗೊತ್ತು. ಆದರೆ ಆ ಒಂಬತ್ತು ಜನರೂ ನಿಮ್ಮ ಮೈದಾನದಲ್ಲಿ ಕೈ ಚಾಚಿ ಪಾಸಾದವರೇ ಅಲ್ಲವೇ?

ಇನ್ನು ನನ್ನ ಬೇಡಿಕೆ. ಅಕ್ಕನ ಮಗಳು ಸುಹೈಲಾ ಬರುವ ಗುರುವಾರ ನಿಮ್ಮಲ್ಲಿ ಪರೀಕ್ಷೆಗೆ ಬರುತ್ತಾಳೆ. ಇನ್ನು ಮುಂದೆ ಸಂತೆಗೆ ಹಳೆಯ ವ್ಯಾನು ಓಡಿಸುವವಳು ಅವಳೇ, ಪಕ್ಕದಲ್ಲಿ ಕೂರುವವಳು ಅವಳ ತಾಯಿಯೇ. ಹುಡುಗಿ ಈಗ ಎಲೆ ಮಡಚುತ್ತಾ ಬಹಾರ್ ಮೇಷ್ಟ್ರ ಅದೇ ಹಾಳೆಯನ್ನು ಒಪ್ಪಿಸುತ್ತಿದ್ದಾಳೆ, ಒಂದು ಅಕ್ಷರ ತಪ್ಪಿಲ್ಲ. ನಾನು ಅಳತೆಯ ಕಡ್ಡಿ ಅವಳ ಕೈಗೆ ಕೊಟ್ಟರೆ ತಿರುಗಿಸಿ ನೋಡಿ ವಾಪಸು ಕೊಟ್ಟಳು. “ಇದನ್ನೆಲ್ಲ ಪರೀಕ್ಷೇಲಿ ಕೇಳಲ್ಲ ಚಿಕ್ಕಮ್ಮ. ಪಾಸಾದ್ಮೇಲೆ ಕಲಿತ್ಕೋತೀನಿ.”

ಆದ್ದರಿಂದ ಗುರುವಾರ ಅವಳು ಬರುವ ಮುಂಚೆ ನಿಮ್ಮ ಗಾಡಿಯ ಒಂದು ಟೈರಿನ ಗಾಳಿ ಇಳಿಸಿಡಿ. ನಿಮ್ಮ ಗಾಡಿಯಾದ್ದರಿಂದ ಆ ಶ್ರಮವೂ ಬೇಡವಾಗಬಹುದು. ಅವಳ ಕೈಗೆ ಅಳತೆಯ ಕಡ್ಡಿ ಕೊಟ್ಟು ಸುಮ್ಮನಿರಿ. ಬಾಗಿಲ ಚೀಟಿ ಓದಿ, ಬಗ್ಗಿ, ಅಳೆದು, ಇದು ಸರಿಯಿಲ್ಲ ಎಂದರೆ ಪಾಸು ಮಾಡಿ. ಕೈ ಚಾಚಿ ಎಲ್ಲ ಸರಿಯಾಗಿದೆ ಎಂದರೆ, ಹಿಂದೆ ಎಷ್ಟೇ ಜನ ನಿಂತಿರಲಿ, ಫೇಲು ಮಾಡಿ. ಮನೆಗೆ ಬಂದು ಅಳುತ್ತಾಳೆ. ಅಳಲಿ. ಕಣ್ಣೊರೆಸಿಕೊಳ್ಳಲು ಅವಳಿಗೆ ಎರಡು ಕೈಗಳೂ ಇರುತ್ತವೆ.

ಇಂತಿ,
ನಿಮ್ಮ ಕಡತದಲ್ಲಿ ಪೂರ್ಣ ಅಂಕ ಪಡೆದು
ಕಿಯಾಂಗನ ಅಂಗಡಿಯಲ್ಲಿ ನಪಾಸಾದ
ಮೈಮೂನ್ ಬಿಂತಿ ಇದ್ರಿಸ್
ನಿವೃತ್ತ ಶಿಕ್ಷಕಿ