ಕಿಟಕಿ ಹತ್ರದ ಹುಳಿಹಿಟ್ಟು

ಮಾಯಾನ ಅಪ್ಪಾರ,

ಕಮಲಾಪುರಕ್ಕ ಅಕ್ಕನ ಮನಿಗೆ ಹೊಂಟೀನಿ, ನಾಳೆ ಸಂಜಿಗೆ ಬರ್ತೀನಿ. ಬ್ರೆಡ್ ಉಬ್ಬಸ್ಲಿಕ್ಕೆ ಹೆಪ್ಪಿನಂಗ ಹಾಕೋ ಹುಳಿಹಿಟ್ಟು ಕಿಟಕಿ ಹತ್ರ ಗಾಜಿನ ಬಾಟ್ಲಿಯೊಳಗ ಅದ.

ನಾಳೆ ಮುಂಜಾನೆ ಅರ್ಧಾ ತೆಗದು, ಉಳಿದಿದ್ದಕ್ಕ ಎರಡು ಚಮಚ ಗೋಧಿಹಿಟ್ಟು, ಅಷ್ಟೇ ನೀರು ಹಾಕಿ ಕಲಸ್ರಿ. ಮುಚ್ಚಳ ಬಿಗಿ ಮಾಡಬ್ಯಾಡ್ರಿ. ಹುಳಿ ವಾಸನಿ ಬಂದ್ರ ಕೆಟ್ಟದ ಅಂತ ತಿಳೀಬ್ಯಾಡ್ರಿ, ಅದು ಇರೋದೇ ಹಂಗ.

ಅರ್ಧಾ ಮಾತ್ರ ತೆಗೀಲೇಬೇಕು. ಹೋದ ಸರ್ತಿ ನಾ ವಾರ ಊರಾಗಿಲ್ಲದಾಗ, ಹಿಟ್ಟು ಚೆಲ್ಲಿದ್ರ ಪಾಪ ಅಂತ ನೀವು ತೆಗೀಲಾರದ ಹಾಕ್ಕೋತ ಹೋದ್ರಿ. ಬಾಟ್ಲಿ ತುಂಬಿ ಬೋಗುಣಿಗೆ ಬಂತು, ಬೋಗುಣಿ ಉಕ್ಕಿ ಕಟ್ಟಿ ಮ್ಯಾಲ ಹರೀತು. ಕಟ್ಟಿ ತಿಕ್ಕಿದಾಕಿ ನಾನು. ತೆಗದಿದ್ದು ಚೆಲ್ಲಬ್ಯಾಡ್ರಿ, ಉಪ್ಪು, ಉಳ್ಳಾಗಡ್ಡಿ ಹಾಕಿ ಹಂಚಿನ ಮ್ಯಾಲ ದ್ವಾಸಿ ಹುಯ್ಕೋರಿ.

ಇವತ್ತ ತೆಗದ ಅರ್ಧಾ ನನ್ನ ಚೀಲದಾಗ ಅದ. ನನ್ನ ಮೊದಲ್ನೇ ಬ್ರೆಡ್ ಕಲ್ಲಾದಾಗ ಹೊಟ್ಟಿ ಹಿಡ್ಕೊಂಡು ನಕ್ಕಿದ್ದ ಅಕ್ಕನೇ ನಿನ್ನಿ ಫೋನ್ ಮಾಡಿ ನನಗೂ ಸ್ವಲ್ಪ ಹುಳಿಹಿಟ್ಟು ಕೊಡು ಅಂತ ಕೇಳಿದಳು. ನಾವು ಹೊಸದಾಗಿ ಸಂಸಾರ ಹೂಡಿದಾಗ ಮೊಸರಿಗೆ ಹೆಪ್ಪು ಅಕಿ ಮನಿಂದ ತಂದಿದ್ದೆ, ನೆನಪದ ಏನು? ಇವತ್ತ ನಮ್ಮ ಮನಿ ಹೆಪ್ಪು ಅಕಿ ಮನಿಗೆ ಹೊಂಟದ.